ಹದಿನಾಲ್ಕು ಗುಳಿ, ಹತ್ತು ಲಕ್ಷ ಕೋಟಿ ಲೆಕ್ಕ

2020ರ ನವೆಂಬರ್ 10ರಂದು ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎಂಬ ವಿಡಿಯೋ ಗೇಮ್ ಕನ್ಸೋಲ್ ಮಾರುಕಟ್ಟೆಗೆ ಬಂತು. ಎರಡೇ ದಿನ ಬಿಟ್ಟು, 12ರಂದು, ಸೋನಿಯ ಪ್ಲೇಸ್ಟೇಷನ್ 5. ಅವು ಅಂಗಡಿಗೆ ಬರುವುದಕ್ಕೆ ತಿಂಗಳುಗಳ ಮೊದಲೇ ಎರಡೂ ಪಾಳಯದ ಅಭಿಮಾನಿಗಳು ಎರಡು ಅಂಕಿಗಳನ್ನು ಹಿಡಿದು ಜಗಳಕ್ಕೆ ನಿಂತಿದ್ದರು. ಎಕ್ಸ್‌ಬಾಕ್ಸ್‌ನದು 12.15 ಟೆರಾಫ್ಲಾಪ್, ಪ್ಲೇಸ್ಟೇಷನ್‌ನದು 10.28. ಒಂದು ಟೆರಾಫ್ಲಾಪ್ ಎಂದರೆ ಸೆಕೆಂಡಿಗೆ ಒಂದು ಲಕ್ಷ ಕೋಟಿ ಲೆಕ್ಕ. ಅಂದರೆ ಟಿವಿ ಪಕ್ಕದಲ್ಲಿ ಕೂತಿರುವ ನಾಲ್ಕೂವರೆ ಕಿಲೋ ತೂಕದ ಒಂದು ಪೆಟ್ಟಿಗೆ ನಾವು ಕಣ್ಣು ಮಿಟುಕಿಸಿ ಉಸಿರೆಳೆಯುವಷ್ಟರಲ್ಲಿ ಹತ್ತು ಲಕ್ಷ ಕೋಟಿ ಲೆಕ್ಕ ಮಾಡಿ ಮುಗಿಸಿರುತ್ತದೆ.

ಇಷ್ಟು ದೊಡ್ಡ ಸಂಖ್ಯೆ ಕಿವಿಗೆ ಬೀಳುತ್ತದೆ, ಮನಸ್ಸಿಗೆ ಇಳಿಯುವುದಿಲ್ಲ. ಅಳೆಯಲು ಒಂದು ಕೋಲು ಬೇಕು. ಧರ್ಮಸ್ಥಳ, ಉಜಿರೆ, ಬೆಳ್ತಂಗಡಿ ಕಡೆಯ ಹಳೆಯ ಮನೆಗಳಲ್ಲಿ ಅಂಥದೊಂದು ಕೋಲು ಅಟ್ಟದ ಮೇಲೆ ಇದ್ದೇ ಇರುತ್ತದೆ. ಅದು ಚೆನ್ನೆಮಣೆ.

ತುಳುನಾಡಿನಲ್ಲಿ ಇದು ಆಟಿ ತಿಂಗಳ ಆಟ. ಹೊರಗೆ ಮಳೆ ಜಡಿದು ಹೊಯ್ಯುವಾಗ, ಗದ್ದೆ ಕೆಲಸ ನಿಂತಾಗ, ಚಾವಡಿಗೆ ಇಳಿದುಬರುವ ಮರದ ಮಣೆ. ಎರಡು ಸಾಲು, ಸಾಲಿಗೆ 7 ಗುಳಿ, ಒಟ್ಟು 14. ಗುಳಿಗೆ 4ರಂತೆ 56 ಕಾಯಿ. ಹೆಚ್ಚಾಗಿ ಕೆಂಪಗೆ ಹೊಳೆಯುವ ಮಂಜೊಟ್ಟಿ ಬೀಜ. ನಿಯಮಗಳು ಊರಿಂದೂರಿಗೆ ಒಂದಿಷ್ಟು ಬದಲಾಗುತ್ತವೆ, ಬುಡ ಮಾತ್ರ ಒಂದೇ. ನಿಮ್ಮ ಸಾಲಿನ ಒಂದು ಗುಳಿಯ ಕಾಯಿಗಳನ್ನೆಲ್ಲ ಎತ್ತಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗಬೇಕು. ಕೈ ಖಾಲಿಯಾದಾಗ ಅದರ ಮುಂದಿನ ಗುಳಿಯನ್ನು ಎತ್ತಿ ಮತ್ತೆ ಹಾಕಬೇಕು. ಮುಂದಿನ ಗುಳಿ ಬರಿದಾಗಿದ್ದರೆ ಆಟ ನಿಂತಿತು, ಅದರಾಚೆಯ ಗುಳಿಯಲ್ಲಿ ಇರುವಷ್ಟೂ ನಿಮ್ಮದು.

ಒಂದು ಆಟವನ್ನು ಹತ್ತಿರದಿಂದ ನೋಡೋಣ. ಮೊದಲ ಆಟಗಾರ್ತಿ ತನ್ನ ಎಡತುದಿಯ ಗುಳಿಯಿಂದ ಹೊರಡುತ್ತಾಳೆ. ನಾಲ್ಕು ಹಾಕುತ್ತಾಳೆ, ಮುಂದಿನದನ್ನು ಎತ್ತುತ್ತಾಳೆ. ಮತ್ತೆ ನಾಲ್ಕು, ಮತ್ತೆ ನಾಲ್ಕು. ಅಷ್ಟರಲ್ಲಿ ಒಂದು ಸುತ್ತು ಮುಗಿದು ಹೊರಟ ಗುಳಿಗೇ ಒಂದು ಕಾಯಿ ಬಿದ್ದಿರುತ್ತದೆ. ಈಗ ಎತ್ತುವ ಗುಳಿಗಳಲ್ಲಿ ಐದೈದು. ಹಾಗೆ ಮೂರು ಸಲ ಐದು ಹಾಕಿ, ಕೊನೆಗೆ ಒಂಟಿ ಕಾಯಿಯ ಗುಳಿಯನ್ನು ಎತ್ತಿ ಹಾಕಿದರೆ ಮುಂದಿನ ಗುಳಿ ಬರಿದು. 7 ಸಲ ಎತ್ತಿ 28 ಕಾಯಿ ಹಾಕಿದ್ದಾಳೆ, ಮಣೆಯ ಸರಿ ಅರ್ಧ. ಸಿಕ್ಕಿದ್ದು 6. ಮೊದಲ ಆಟದಲ್ಲಿ ಏಳು ಗುಳಿಗಳಲ್ಲಿ ಯಾವುದರಿಂದ ಹೊರಟರೂ ಸಿಗುವುದು ಆರೇ, ಏಕೆಂದರೆ ಆಗ ಮಣೆ ಎಲ್ಲ ಕಡೆಯಿಂದಲೂ ಒಂದೇ ಥರ. ಬೇರೆಯಾಗುವುದು ಎದುರಿನವಳಿಗೆ ಬಿಟ್ಟುಕೊಡುವ ಮಣೆ. ಈ ಆಟದಲ್ಲಿ ಎದುರಿನವಳ ನಡು ಗುಳಿಯಲ್ಲಿ ಉಳಿದಿರುವುದು ಒಂದೇ ಒಂದು ಕಾಯಿ. ಅವಳು ಆರಾರು ಕಾಯಿ ತುಂಬಿದ ಗುಳಿಗಳನ್ನು ಬಿಟ್ಟು ಆ ಒಂಟಿ ಕಾಯಿಯನ್ನು ಎತ್ತಿದರೆ, ಎರಡೇ ಎತ್ತಿಗೆ ಮೊದಲನೆಯವಳ ಬಲತುದಿಯ ಗುಳಿಯನ್ನು ಬರಿದು ಮಾಡಿ 7 ಕಾಯಿ ಗೆಲ್ಲುತ್ತಾಳೆ. ಕಾಗದದ ಮೇಲೆ ಗುಳಿ ಬರೆದು ಹುಣಸೆ ಬೀಜ ಇಟ್ಟು ನೋಡಿ, ಹೀಗೇ ಆಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. 56 ಕಾಯಿಗಳನ್ನು 14 ಗುಳಿಗಳಲ್ಲಿ ಎಷ್ಟು ಬಗೆಯಾಗಿ ಇಡಬಹುದು? ಗೆದ್ದ ಕಾಯಿಗಳ ಮಾತು ಬೇಡ, ಎಲ್ಲವೂ ಮಣೆಯ ಮೇಲೇ ಇವೆ ಎಂದುಕೊಳ್ಳಿ. ಉತ್ತರ ಸುಮಾರು 38 ಲಕ್ಷ 65 ಸಾವಿರ ಕೋಟಿ. ಒಂದೊಂದು ಜೋಡಣೆಯನ್ನು ಒಂದೊಂದು ಸೆಕೆಂಡು ನೋಡುತ್ತ, ಊಟ ನಿದ್ದೆ ಬಿಟ್ಟು ಕೂತರೂ ಮುಗಿಯಲು ಸುಮಾರು 12 ಲಕ್ಷ 25 ಸಾವಿರ ವರ್ಷ ಬೇಕು. ಪುರಾಣದ ಲೆಕ್ಕದಲ್ಲಿ ತ್ರೇತಾಯುಗದ ಅವಧಿ 12,96,000 ವರ್ಷ. ಆ ಯುಗದ ಮೊದಲ ದಿನ ಮಣೆಯ ಮುಂದೆ ಕೂತವನು ಕೊನೆಯ ಜೋಡಣೆ ನೋಡಿ ಏಳುವ ಹೊತ್ತಿಗೆ ಯುಗ ಮುಗಿಯಲು 71 ಸಾವಿರ ವರ್ಷವಷ್ಟೇ ಉಳಿದಿರುತ್ತದೆ.

ಪ್ಲೇಸ್ಟೇಷನ್ 5ಕ್ಕೆ ಎಷ್ಟು ಹೊತ್ತು? ಜೋಡಣೆಗೆ ಒಂದು ಲೆಕ್ಕ ಎಂದು ಹಿಡಿದರೆ 3.76 ಸೆಕೆಂಡು. ಎಕ್ಸ್‌ಬಾಕ್ಸ್‌ಗೆ 3.18. ಒಂದು ಜೋಡಣೆಗೆ ಒಂದೇ ಲೆಕ್ಕ ಸಾಲದು, ನೂರು ಬೇಕು ಎನ್ನಿ. ಆಗಲೂ ಆರೂಕಾಲು ನಿಮಿಷದ ಕೆಲಸ. ಒಂದು ಯುಗವನ್ನು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತಿಗೆ ಇಳಿಸಿದ ಯಂತ್ರಗಳಿವು. ಅಭಿಮಾನಿಗಳು ಒಬ್ಬರನ್ನೊಬ್ಬರು ಬೈದಾಡಿದ್ದು ನಡುವಿನ ಅರ್ಧ ಸೆಕೆಂಡಿನ ವ್ಯತ್ಯಾಸಕ್ಕೆ.

ಆದರೆ ಅವೇ ಜೋಡಣೆಗಳನ್ನು ಬರೆದಿಡಲು ಹೊರಟರೆ ಅದೇ ಯಂತ್ರ ಮಂಡಿಯೂರುತ್ತದೆ. ಗುಳಿಗೊಂದು ಬೈಟ್‌ನಂತೆ ಜೋಡಣೆಗೆ 14 ಬೈಟ್. ಪ್ಲೇಸ್ಟೇಷನ್ 5ರ ಸಂಗ್ರಹ 825 ಜಿಬಿ. ಎಲ್ಲವನ್ನೂ ತುಂಬಲು ಸುಮಾರು 656 ಪ್ಲೇಸ್ಟೇಷನ್‌ಗಳು ಬೇಕು. ಅವನ್ನು ಮಲಗಿಸಿ ಒಂದರ ಮೇಲೊಂದು ಪೇರಿಸಿದರೆ 68 ಮೀಟರ್ ಎತ್ತರ. ರೆಂಜಾಳ ಗೋಪಾಲ ಶೆಣೈಯವರು ಕಾರ್ಕಳದಲ್ಲಿ ಕಡೆದ, ಧರ್ಮಸ್ಥಳದ ರತ್ನಗಿರಿಯ ಮೇಲೆ 1982ರಲ್ಲಿ ಪ್ರತಿಷ್ಠೆಯಾದ ಬಾಹುಬಲಿಯ ಎತ್ತರ 39 ಅಡಿ. ಅದರ ಐದು ಪಟ್ಟನ್ನೂ ದಾಟುತ್ತದೆ ಈ ಪೆಟ್ಟಿಗೆಗಳ ಕಂಬ. ಕಂಕುಳಲ್ಲಿ ಇಟ್ಟುಕೊಂಡು ನೆರೆಮನೆಗೆ ಹೋಗಬಹುದಾದ ಒಂದು ಮರದ ಮಣೆಯೊಳಗೆ ಇಷ್ಟಿದೆ.

ಈ ಯಂತ್ರಗಳು ಹುಟ್ಟಿದಾಗ ಎಷ್ಟು ಬಡವಾಗಿದ್ದವು ಎಂಬುದೂ ಅಷ್ಟೇ ದೊಡ್ಡ ಅಚ್ಚರಿ. 1972ರ ಮ್ಯಾಗ್ನವಾಕ್ಸ್ ಒಡಿಸ್ಸಿ ಮನೆಗೆ ಬಂದ ಮೊದಲ ಕನ್ಸೋಲ್. ಅದಕ್ಕೆ ಪ್ರೊಸೆಸರ್ ಇರಲಿಲ್ಲ, ನೆನಪಿನ ಶಕ್ತಿ ಇರಲಿಲ್ಲ. ತೆರೆಯ ಮೇಲೆ ಬೆಳಕಿನ ಚುಕ್ಕೆಗಳು ಓಡುತ್ತಿದ್ದವು, ಅಂಗಳವೋ ಬೆಟ್ಟವೋ ಕಾಣಬೇಕೆಂದರೆ ಬಣ್ಣದ ಪ್ಲಾಸ್ಟಿಕ್ ಹಾಳೆಯನ್ನು ಟಿವಿ ಗಾಜಿಗೆ ಅಂಟಿಸಿಕೊಳ್ಳಬೇಕಿತ್ತು. 1977ರ ಅಟಾರಿಗೆ ಸಿಕ್ಕ ನೆನಪು 128 ಬೈಟ್. ಅದರಲ್ಲಿ ಚೆನ್ನೆಮಣೆಯ ಒಂಬತ್ತು ಜೋಡಣೆ ಹಿಡಿಯುತ್ತದೆ, ಹತ್ತನೆಯದಕ್ಕೆ ಜಾಗವಿಲ್ಲ. ಆ 128 ಬೈಟ್‌ನಿಂದ ಪ್ಲೇಸ್ಟೇಷನ್ 5ರ 16 ಜಿಬಿಗೆ ಬರುವಾಗ ನೆನಪು 13 ಕೋಟಿ 42 ಲಕ್ಷ ಪಟ್ಟು ಹಿಗ್ಗಿದೆ, 43 ವರ್ಷಗಳಲ್ಲಿ. ಭೂಮಿಯ ಮೇಲೆ ಮನುಷ್ಯ ಮಾಡಿದ ಬೇರೆ ಯಾವ ವಸ್ತು ಒಂದೇ ತಲೆಮಾರಿನ ಕಣ್ಣೆದುರು ಹೀಗೆ ಬೆಳೆದಿದೆ?

1985ರ ಸೂಪರ್ ಮಾರಿಯೋ ಪೂರ್ತಿ ಆಟ 40 ಕೆಬಿ. ಇಂದು ಮೊಬೈಲಿನಲ್ಲಿ ತೆಗೆದ ಒಂದೇ ಫೋಟೋ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ತೊಂಬತ್ತರ ದಶಕದಲ್ಲಿ ನಮ್ಮ ಪೇಟೆಗಳಿಗೆ ‘ಟಿವಿ ಗೇಮ್’ ಎಂಬ ಹೆಸರಲ್ಲಿ ಬಂದದ್ದು ಈ ಮಾರಿಯೋ ಓಡುತ್ತಿದ್ದ ನಿಂಟೆಂಡೋ ಯಂತ್ರದ ನಕಲು. ನಾವು ಕ್ಯಾಸೆಟ್ ಎನ್ನುತ್ತಿದ್ದ ಡಬ್ಬಿಯ ಮೇಲೆ 99,99,999 ಆಟಗಳು ಎಂದು ಅಚ್ಚಾಗಿರುತ್ತಿತ್ತು. ಒಳಗಿದ್ದದ್ದು ಬೆರಳೆಣಿಕೆಯ ಆಟಗಳು, ಅವೇ ಬೇರೆ ಬೇರೆ ಹಂತದಿಂದ ಶುರುವಾಗುತ್ತಿದ್ದವು. ಬೇಸಿಗೆ ರಜೆ ಪೂರ್ತಿ ಅಷ್ಟರಲ್ಲೇ ಕಳೆಯುತ್ತಿತ್ತು.

ಇನ್ನೊಂದು ಅಳತೆ ನಮ್ಮ ರಾಜ್ಯದ್ದೇ. ಬೆಂಗಳೂರಿನ ಸಿ-ಡ್ಯಾಕ್ ಕೇಂದ್ರದ ಪರಮ್ ಪದ್ಮ 2003ರಲ್ಲಿ ಜಗತ್ತಿನ 500 ಮಹಾಗಣಕಗಳ ಪಟ್ಟಿಯಲ್ಲಿ 171ನೆಯದಾಗಿ ನಿಂತಿತು. ದೇಶವೇ ಹೆಮ್ಮೆಪಟ್ಟ ಅದರ ಗರಿಷ್ಠ ಶಕ್ತಿ ಒಂದು ಟೆರಾಫ್ಲಾಪ್. ವಿಜ್ಞಾನದ ಲೆಕ್ಕಗಳಿಗೆ ಬೇಕಾದ ನಿಖರತೆ ಆಟದ ಲೆಕ್ಕಗಳಿಗಿಂತ ಹೆಚ್ಚು, ಹಾಗಾಗಿ ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಲಾಗದು. ಆದರೂ ಹದಿನೇಳು ವರ್ಷದಲ್ಲಿ ಹತ್ತರಷ್ಟು ಅಂಕಿ ಹೊತ್ತ ಪೆಟ್ಟಿಗೆ ಮಕ್ಕಳ ಕೋಣೆಗೆ ಬಂದು ಕೂತಿತು ಎಂಬುದು ಸುಳ್ಳಲ್ಲ.

ಹೆಚ್ಚು ಶಕ್ತಿ ಇದ್ದವನೇ ಗೆಲ್ಲಬೇಕಿತ್ತಲ್ಲ? ಮಾರಾಟದ ಲೆಕ್ಕ ಬೇರೆಯೇ ಹೇಳುತ್ತದೆ. 2000ದಲ್ಲಿ ಬಂದ ಪ್ಲೇಸ್ಟೇಷನ್ 2 ಮಾರಾಟವಾದದ್ದು 16 ಕೋಟಿಗೂ ಹೆಚ್ಚು, ಮರುವರ್ಷ ಬಂದ ಮೊದಲ ಎಕ್ಸ್‌ಬಾಕ್ಸ್ ಅದಕ್ಕಿಂತ ಬಲಶಾಲಿಯಾಗಿತ್ತು. 2006ರಲ್ಲಿ ಬಂದ ನಿಂಟೆಂಡೋ ವೀ ತನ್ನ ಎದುರಾಳಿಗಳ ಮುಂದೆ ತೀರಾ ದುರ್ಬಲ, ಆದರೆ 10 ಕೋಟಿ ದಾಟಿ ಇಬ್ಬರನ್ನೂ ಹಿಂದೆ ಹಾಕಿತು. ಅದೇ ಕಂಪನಿಯ ಸ್ವಿಚ್ 2017ರಿಂದ 15 ಕೋಟಿ ಮೀರಿದೆ, ಅದೂ ಶಕ್ತಿಯಲ್ಲಿ ಬಲು ಹಿಂದೆ. ನಿಂಟೆಂಡೋ 1889ರಲ್ಲಿ ಕ್ಯೋಟೋದಲ್ಲಿ ಶುರುವಾದದ್ದು ಹನಾಫುದ ಎಂಬ ಜಪಾನೀ ಇಸ್ಪೀಟೆಲೆಗಳನ್ನು ಕೈಯಲ್ಲಿ ಮಾಡಿ ಮಾರುವ ಅಂಗಡಿಯಾಗಿ. ನೆರೆಹೊರೆಯವರು ನೆಲದ ಮೇಲೆ ಕೂತು ಏನು ಆಡುತ್ತಾರೆ ಎಂಬುದು ಅವರಿಗೆ ಮೊದಲಿನಿಂದ ಗೊತ್ತಿತ್ತು. ಅವರ ಗೆಲುವಿನ ಬೇರು ಅಲ್ಲಿದೆ ಎಂದು ನಾನು ನಂಬುತ್ತೇನೆ.

ಹಣದ ಪೈಪೋಟಿಗೂ ಮಿತಿ ಉಳಿದಿಲ್ಲ. ಆಕ್ಟಿವಿಷನ್ ಬ್ಲಿಝರ್ಡ್ ಎಂಬ ಆಟದ ಕಂಪನಿಯನ್ನು ಕೊಳ್ಳಲು ಮೈಕ್ರೋಸಾಫ್ಟ್ 2022ರಲ್ಲಿ ಘೋಷಿಸಿದ ಮೊತ್ತ 6,870 ಕೋಟಿ ಡಾಲರ್. ಅಷ್ಟೆಲ್ಲ ಸುರಿದ ಮೇಲೆ, 2025ರ ಏಪ್ರಿಲ್‌ನಲ್ಲಿ ಎಕ್ಸ್‌ಬಾಕ್ಸ್‌ನ ಹೆಮ್ಮೆಯ ಕಾರ್ ಓಟದ ಆಟ ಫೋರ್ಜಾ ಹೊರೈಜನ್ 5 ಪ್ಲೇಸ್ಟೇಷನ್‌ಗೂ ಬಂತು. ಕೋಟೆಯ ಬಾಗಿಲು ಒಳಗಿನಿಂದಲೇ ತೆರೆದುಕೊಂಡಿದೆ. ಮುಂದಿನ ಹತ್ತು ವರ್ಷದಲ್ಲಿ ಪೆಟ್ಟಿಗೆ ಯಾರದು ಎಂಬುದಕ್ಕಿಂತ ಆಟ ಯಾರದು ಎಂಬುದೇ ಮುಖ್ಯವಾಗಲಿದೆ.

ಆಟ ಮಾಡಬಲ್ಲವರು ನಮ್ಮಲ್ಲಿ ಇಲ್ಲವೇ? 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ಭಾರತದ ಮೊದಮೊದಲ ಆಟದ ಕಂಪನಿ. ಫೋರ್ಜಾ ಸರಣಿಗೆ ಅಲ್ಲಿನ ಕಲಾವಿದರು ಕೆಲಸ ಮಾಡಿದ್ದಾರೆ. ಧರ್ಮಸ್ಥಳದ ಕಾರ್ ಮ್ಯೂಸಿಯಂನಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳನ್ನು ನೋಡಿದವರಿಗೆ ಒಂದು ಬಾನೆಟ್ಟಿನ ಬಾಗು ಎಷ್ಟು ಸೂಕ್ಷ್ಮ ಎಂಬುದು ತಿಳಿದಿರುತ್ತದೆ. ಅಂಥ ಬಾಗುಗಳನ್ನು ತೆರೆಯ ಮೇಲೆ ಕಡೆಯುವ ಕೈಗಳು ಕರ್ನಾಟಕದಲ್ಲಿವೆ. 20 ಕೋಟಿಗೂ ಹೆಚ್ಚು ಪ್ರತಿ ಮಾರಿದ ಗ್ರ್ಯಾಂಡ್ ಥೆಫ್ಟ್ ಆಟೋ 5ರ ಕಂಪನಿ ರಾಕ್‌ಸ್ಟಾರ್, 2019ರಲ್ಲಿ ಧ್ರುವವನ್ನು ಕೊಂಡು ತನ್ನ ಬೆಂಗಳೂರು ಶಾಖೆಗೆ ಸೇರಿಸಿಕೊಂಡಿತು. ಇತ್ತ ಉಡುಪಿಯಲ್ಲೇ 99ಗೇಮ್ಸ್ ಇದೆ, ಅವರ ಸ್ಟಾರ್ ಶೆಫ್ ಆಟ ಲೋಕವೆಲ್ಲ ಸುತ್ತಿದೆ.

ಕಥೆಗೂ ಬರವಿಲ್ಲ. ಧರ್ಮಸ್ಥಳದ ದಾರಿಯಲ್ಲೇ ಸಿಗುವ ಉಜಿರೆಯ ಬಳಿ ಮಾಚಾರು ಎಂಬ ಊರಿದೆ. ಅಲ್ಲಿನ ಗೋಪಾಲ ನಾಯ್ಕರು ಬಾಯಿಂದ ಹಾಡಿದ, ಸಿರಿ ಎಂಬ ಹೆಣ್ಣಿನ ಕಥೆಯ ತುಳು ಕಾವ್ಯ ಸಿರಿ ಸಂಧಿಯನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಜೊತೆ ಸೇರಿ ದಾಖಲಿಸಿ 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟಿಸಿದರು. ಅದರಲ್ಲಿ 15,683 ಸಾಲುಗಳಿವೆ. ಹೋಮರನ ಇಲಿಯಡ್‌ನಲ್ಲಿ ಇರುವುದು 15,693. ಒಬ್ಬ ಕೃಷಿಕನ ನೆನಪಿನಲ್ಲಿ ಒಂದು ಇಲಿಯಡ್ ಇತ್ತು, ಹತ್ತು ಸಾಲು ಕಡಿಮೆ. ಸಾಲಿಗೆ ನೂರು ಬೈಟ್ ಎಂದು ಹಿಡಿದರೂ ಅಂಥ 5 ಲಕ್ಷ ಸಂಧಿಗಳು ಒಂದು ಪ್ಲೇಸ್ಟೇಷನ್ನಿನಲ್ಲಿ ಹಿಡಿಯುತ್ತವೆ.

ಆ ಸಂಧಿಯಲ್ಲಿ ಸಿರಿಯ ಮೊಮ್ಮಕ್ಕಳು, ಅಬ್ಬಗೆ ದಾರಗೆ ಎಂಬ ಅವಳಿಗಳು, ಚೆನ್ನೆ ಆಡಲು ಕೂರುತ್ತಾರೆ. ಸೋಲು ಗೆಲುವಿನ ಮಾತು ಬೆಳೆದು ಒಬ್ಬಳು ಇನ್ನೊಬ್ಬಳಿಗೆ ಮಣೆಯಿಂದಲೇ ಹೊಡೆಯುತ್ತಾಳೆ, ತಂಗಿಯ ಜೀವ ಹೋದದ್ದು ಕಂಡು ತಾನೂ ಬಾವಿಗೆ ಹಾರುತ್ತಾಳೆ. ಒಡಹುಟ್ಟಿದ ಹೆಣ್ಣುಮಕ್ಕಳು ಎದುರುಬದುರು ಕೂತು ಚೆನ್ನೆ ಆಡಬಾರದು ಎಂದು ಇಲ್ಲಿನ ಹಿರಿಯರು ಇಂದಿಗೂ ತಡೆಯುವುದು ಇದಕ್ಕೇ. ಇಬ್ಬರು ಆಟಗಾರರು, 14 ಗುಳಿ, ಪ್ರತಿ ಗೆಲುವಿನ ಜೊತೆ ಬಿಗಿಯುತ್ತ ಹೋಗುವ ಅಕ್ಕತಂಗಿಯರ ಮನಸ್ಸು: ಇದನ್ನು ಆಟವಾಗಿ ಮಾಡಲು ಹತ್ತು ಟೆರಾಫ್ಲಾಪ್ ಬೇಡ. ಉಡುಪಿಯಲ್ಲೋ ಬೆಂಗಳೂರಿನಲ್ಲೋ ನಾಲ್ಕು ಮಂದಿ ಒಂದು ಆಟಿ ತಿಂಗಳು ಮಾಚಾರಿಗೆ ಬಂದು ಅಜ್ಜಿಯರ ಜೊತೆ ಮಣೆಯ ಮುಂದೆ ಕೂತರೆ ಕೆಲಸ ಶುರುವಾಗುತ್ತದೆ.