ಬದಲಾದ ಬ್ಯಾಂಕ್ ಖಾತೆಗೆ ಹಣ ಕಳುಹಿಸುವ ಮುನ್ನ: ತೊಕ್ಕೊಟ್ಟು ಪರಿಸರದ ವರ್ತಕರಿಗೆ ತಿಳಿವಳಿಕೆ

ತೊಕ್ಕೊಟ್ಟು, ಉಳ್ಳಾಲ ಪರಿಸರದ ವರ್ತಕರು ಸರಕು ಪೂರೈಸುವವರೊಡನೆ ಇ-ಮೇಲ್, ವಾಟ್ಸ್‌ಆ್ಯಪ್ ಮೂಲಕ ಬಿಲ್ಲುಗಳನ್ನು ಪಡೆಯುವುದು ಸಾಮಾನ್ಯವಾಗಿದೆ. ವಂಚಕರು ಈ ಪತ್ರವ್ಯವಹಾರದ ನಡುವೆ ನುಸುಳಿ, “ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ” ಎಂದು ಬರೆಯುತ್ತಾರೆ. ಮೊತ್ತ, ದಿನಾಂಕ ಸರಿಯಾಗಿಯೇ ಇರುವುದರಿಂದ ಅನುಮಾನ ಹುಟ್ಟುವುದಿಲ್ಲ.

ಮಂಗಳೂರಿನ ಎಂಆರ್‌ಪಿಎಲ್‌ನ ಮಾತೃಸಂಸ್ಥೆಯಾದ ಓಎನ್‌ಜಿಸಿಗೆ ನಾಫ್ತಾ ಮಾರಾಟದಿಂದ ಬರಬೇಕಿದ್ದ ಸುಮಾರು 197 ಕೋಟಿ ರೂಪಾಯಿಯನ್ನು, ಇ-ಮೇಲ್ ವಿಳಾಸದ ಎರಡು ಅಕ್ಷರಗಳನ್ನು ಹಿಂದುಮುಂದಾಗಿಸಿ ಬೇರೆ ಖಾತೆಗೆ ತಿರುಗಿಸಿದ ಪ್ರಕರಣವು 2015ರಲ್ಲಿ ವರದಿಯಾಗಿತ್ತು. ಹೀಗಿರುವಾಗ ಒಬ್ಬನೇ ಗುಮಾಸ್ತನಿರುವ ಅಂಗಡಿಯ ಪಾಡನ್ನು ಹೇಳಬೇಕಾಗಿಲ್ಲ.

ನೆಫ್ಟ್ ಮತ್ತು ಆರ್‌ಟಿಜಿಎಸ್ ಪಾವತಿಗಳಲ್ಲಿ ಹಣ ಜಮೆಯಾಗುವುದು ಖಾತೆ ಸಂಖ್ಯೆಯ ಆಧಾರದ ಮೇಲೆ ಮಾತ್ರ. ನಮೂದಿಸಿದ ಹೆಸರು ತಾಳೆಯಾಗದಿದ್ದರೂ ಹಣ ಹೋಗುತ್ತದೆ. ಇದು ಬಹಳಷ್ಟು ಮಂದಿಗೆ ತಿಳಿದಿಲ್ಲ. ಆದುದರಿಂದ, ಕಳುಹಿಸುವ ಮುನ್ನ ಖಾತೆದಾರರ ಹೆಸರನ್ನು ನೋಡುವ ಉಚಿತ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸುವಂತೆ ರಿಸರ್ವ್ ಬ್ಯಾಂಕು ಎಲ್ಲ ಬ್ಯಾಂಕುಗಳಿಗೆ ಸೂಚಿಸಿತು. ವಿದೇಶಿ ಪಾವತಿಗಳಿಗೆ ಇದು ಅನ್ವಯಿಸದಿರುವುದನ್ನು ಕಚ್ಚಾ ಗೋಡಂಬಿ ತರಿಸುವವರು ಗಮನಿಸಬೇಕು.

ಖಾತೆ ಬದಲಾವಣೆಯ ಪತ್ರ ಬಂದಲ್ಲಿ, ಅದರಲ್ಲಿರುವ ಸಂಖ್ಯೆಗೆ ಕರೆ ಮಾಡದೆ, ತಮ್ಮ ಹಳೆಯ ಕಡತದಲ್ಲಿರುವ ಸಂಖ್ಯೆಗೇ ಕರೆ ಮಾಡಿ ಖಚಿತಪಡಿಸಿಕೊಳ್ಳತಕ್ಕದ್ದು.

ಹಣ ಈಗಾಗಲೇ ಹೋಗಿದ್ದಲ್ಲಿ ಕೂಡಲೇ ತಮ್ಮ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸಬೇಕು. ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ಸಾಗಿಸುವುದರಿಂದ ತಡೆಹಿಡಿಯಲು ದೊರೆಯುವ ಸಮಯ ಅತ್ಯಲ್ಪ. ಬಂದ ಇ-ಮೇಲ್‌ಗಳನ್ನು ಅಳಿಸದೆ, ಪಾವತಿಯ ಯುಟಿಆರ್ ಸಂಖ್ಯೆಯೊಂದಿಗೆ ಉಳ್ಳಾಲ ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು ಸಲ್ಲಿಸಬಹುದು.