ಬೆಂಗಳೂರಿನ ಉದ್ಯಾನಗಳೂ ಪುತ್ತೂರು ಸೀಮೆಯ ತೋಟಗಾರರೂ

ಮಾಣಿಯಿಂದ ಮೈಸೂರಿಗೆ ಹೋಗುವ ಹೆದ್ದಾರಿಯ ಮೇಲಿರುವ ದರ್ಬೆಯಲ್ಲಿ ರಾತ್ರಿ ಬಸ್ಸನ್ನೇರಿದವರು ಬೆಳಕು ಹರಿಯುವ ವೇಳೆಗೆ ಬೆಂಗಳೂರನ್ನು ಸೇರುವರು. ಪುತ್ತೂರು, ಸುಳ್ಯ, ಕಡಬ ಸೀಮೆಗಳ ಅಡಕೆ ತೋಟದ ಮನೆಗಳಲ್ಲಿ ಮಗನೋ ಮಗಳೋ ಉದ್ಯೋಗಾರ್ಥವಾಗಿ ಆ ನಗರದಲ್ಲಿ ನೆಲಸಿರುವ ಮನೆಗಳು ಈಗ ಬಹಳ. ಆದಕಾರಣ ವರ್ಷಕ್ಕೊಂದು ಸಲವಾದರೂ ಹಿರಿಯರು ಅಲ್ಲಿಗೆ ಹೋಗಿ ನಾಲ್ಕಾರು ದಿನ ತಂಗುವ ಸಂದರ್ಭವುಂಟಾಗುವುದು. ಹೀಗೆ ಹೋದವರಿಗೆ ಮನೆಯವರು ಮೊದಲು ತೋರಿಸುವ ಸ್ಥಳ ಲಾಲ್‌ಬಾಗ್. ಗಾಜಿನ ಮನೆಯನ್ನು ನೋಡಿ, ಕೆರೆಯ ದಂಡೆಯಲ್ಲಿ ಸ್ವಲ್ಪ ಹೊತ್ತು ಕುಳಿತು, ಎರಡು ಗಿಡಗಳನ್ನು ಕೊಂಡು ಹಿಂದಿರುಗುವುದು ವಾಡಿಕೆ. ವಿಹಾರಕ್ಕೆ ಇಷ್ಟು ಸಾಕು. ಆದರೆ ನೆಲವನ್ನು ನಂಬಿ ಬಾಳುವವನಿಗೆ ಆ ಉದ್ಯಾನವು ಇದಕ್ಕಿಂತ ಹೆಚ್ಚಿನದನ್ನು ತಿಳಿಸಬಲ್ಲುದು. ಎಚ್ಚರ ತಪ್ಪಿದರೆ ಅವನಿಗೆ ನಷ್ಟವನ್ನೂ ತರಬಲ್ಲುದು.

ಲಾಲ್‌ಬಾಗನ್ನು ಹೈದರಾಲಿಯು ೧೭೬೦ರಲ್ಲಿ ಆರಂಭಿಸಿದನು. ಆಗ ಅದರ ವಿಸ್ತಾರ ಸುಮಾರು ೪೦ ಎಕರೆ. ಈಗ ೨೪೦ ಎಕರೆ. ಟಿಪ್ಪು ಸುಲ್ತಾನನು ದೂರದೇಶಗಳಿಂದ ಬೀಜಗಳನ್ನೂ ಸಸಿಗಳನ್ನೂ ತರಿಸಿ ತಂದೆಯ ತೋಟವನ್ನು ಬೆಳೆಸಿದನು. ೧೮೫೬ರಲ್ಲಿ ಅದು ಸರ್ಕಾರದ ಸಸ್ಯೋದ್ಯಾನವಾಯಿತು. ಆ ಬಳಿಕ ಅದರ ಆಡಳಿತಕ್ಕೆ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದವರು ಬಂದರು. ಅವರ ಪೈಕಿ ೧೮೭೪ರಿಂದ ೧೯೦೮ರ ವರೆಗೆ ಇದ್ದ ಜಾನ್ ಕ್ಯಾಮರಾನ್, ಅನಂತರ ಬಂದ ಜರ್ಮನಿಯ ಕ್ರುಂಬಿಗಲ್, ಅವರ ತರುವಾಯ ಎಚ್. ಸಿ. ಜವರಾಯರು ಮತ್ತು ಎಂ. ಎಚ್. ಮರಿಗೌಡರು ಹೆಸರಿಸತಕ್ಕವರು. ಗಾಜಿನ ಮನೆಗೆ ಅಸ್ತಿಭಾರ ಬಿದ್ದುದು ೧೮೮೯ರಲ್ಲಿ, ಕ್ಯಾಮರಾನರ ಕಾಲದಲ್ಲಿ. ನೋಡುಗರ ಕಣ್ಣು ಮೊದಲು ಹೋಗುವುದು ಈ ಕಟ್ಟಡದ ಕಡೆಗೇ ಆದರೂ, ಅದೇ ಕ್ಯಾಮರಾನರು ಬೆಂಗಳೂರಿಗೆ ತಂದರೆಂದು ಹೇಳಲಾಗುವ ಸೀಮೆಬದನೆಯ ಬಳ್ಳಿಯು ಸಂಸಾರಸ್ಥರಿಗೆ ಮಾಡಿದ ಉಪಕಾರವನ್ನು ಗಾಜಿನ ಮನೆಯು ಮಾಡಿರಲಾರದು.

ಸಸ್ಯೋದ್ಯಾನದ ಮೂಲೋದ್ದೇಶವೇ ಇದು. ಹೊರನಾಡಿನ ಉಪಯುಕ್ತ ಸಸ್ಯಗಳನ್ನು ತರಿಸುವುದು, ಅವು ಇಲ್ಲಿಯ ಹವೆಯಲ್ಲಿ ಬದುಕುವುವೋ ಎಂದು ವರ್ಷಗಟ್ಟಲೆ ನೋಡುವುದು, ಬದುಕಿದವುಗಳ ಬೀಜವನ್ನು ಜನರಿಗೆ ಹಂಚುವುದು. ಸುಳ್ಯದ ಕಡೆಯ ರಬ್ಬರಿನ ಕಥೆಯನ್ನೇ ತೆಗೆದುಕೊಳ್ಳಬಹುದು. ೧೮೭೬ರಲ್ಲಿ ವಿಕ್‌ಹಮ್ ಎಂಬಾತನು ಬ್ರೆಜಿಲ್ ದೇಶದಿಂದ ಸುಮಾರು ೭೦,೦೦೦ ರಬ್ಬರ್ ಬೀಜಗಳನ್ನು ಕ್ಯೂ ಉದ್ಯಾನಕ್ಕೆ ಸಾಗಿಸಿದನು. ಮೊಳೆತವು ನೂರಕ್ಕೆ ನಾಲ್ಕರಷ್ಟು ಮಾತ್ರ. ಆ ಸಸಿಗಳಲ್ಲಿ ಹೆಚ್ಚಿನವು ಅದೇ ವರ್ಷ ಸಿಂಹಳದ ಸಸ್ಯೋದ್ಯಾನಗಳಿಗೆ ಬಂದು ನೆಲೆಯೂರಿದವು. ಪೂರ್ವದೇಶಗಳ ರಬ್ಬರ್ ತೋಟಗಳಿಗೆ ಅವೇ ಮೂಲ. ೧೯೬೪ರ ಒಪ್ಪಂದದ ಮೇರೆಗೆ ಸಿಂಹಳದಿಂದ ಹಿಂದಿರುಗಿದ ತಮಿಳು ಕುಟುಂಬಗಳಿಗೆ ಪುತ್ತೂರು ಸುಳ್ಯಗಳಲ್ಲಿ ನೆಲೆ ಕಲ್ಪಿಸಿದಾಗ ಅವರಿಗೆ ದೊರೆತ ಕೆಲಸವೂ ಸರ್ಕಾರದ ರಬ್ಬರ್ ತೋಟಗಳಲ್ಲಿಯೇ. ಮರವು ಬಂದ ದಾರಿಯಲ್ಲಿಯೇ ಹಾಲು ತೆಗೆಯುವ ಕೈಗಳೂ ಬಂದವೆನ್ನಬೇಕು.

ಮನೆಯ ಸುತ್ತ ಒಮ್ಮೆ ಕಣ್ಣಾಡಿಸಿದರೆ ಇಂಥ ಪರದೇಶಿಗಳು ಎಷ್ಟೋ ಸಿಗುವುವು. ಗುಡ್ಡೆಯ ಗೇರು ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರೊಡನೆ ಬ್ರೆಜಿಲಿನಿಂದ ಬಂದುದು. ಅಡಕೆಯ ನಡುವೆ ಬೆಳೆಯುವ ಕೊಕ್ಕೋ ಅಮೆರಿಕ ಖಂಡದ್ದು. ಪಲ್ಯಕ್ಕೂ ಪೋಡಿಗೂ ಒದಗುವ ಜೀಗುಜ್ಜೆಯು ಶಾಂತಸಾಗರದ ದ್ವೀಪಗಳ ಮರ, ಹಲಸಿನ ನೆಂಟ. ಇದರ ಸಸಿಗಳನ್ನು ತಾಹಿತಿ ದ್ವೀಪದಿಂದ ವೆಸ್ಟ್ ಇಂಡೀಸಿಗೆ ಒಯ್ಯುತ್ತಿದ್ದಾಗಲೇ ೧೭೮೯ರಲ್ಲಿ ಬೌಂಟಿ ಎಂಬ ಹಡಗಿನ ನಾವಿಕರು ದಂಗೆಯೆದ್ದು, ಸಸಿಗಳನ್ನು ಸಮುದ್ರಕ್ಕೆಸೆದರು. ಶಿವಾಲಯಗಳ ಅಂಗಳದಲ್ಲಿ ಭಕ್ತಿಯಿಂದ ಬೆಳೆಯಿಸುವ ನಾಗಲಿಂಗದ ಮರವೂ ದಕ್ಷಿಣ ಅಮೆರಿಕದ್ದೇ. ಅಷ್ಟೇಕೆ, ಅಡಕೆಯಲ್ಲಿಯೇ ‘ಮಂಗಳ’ವೆಂಬ ತಳಿಯ ಮೂಲ ಚೀನಾದೇಶ, ವಿಟ್ಲದ ಸಂಶೋಧನಾ ಕೇಂದ್ರದವರು ಅದನ್ನು ನೆಟ್ಟು, ಫಸಲನ್ನು ಅಳೆದು ನೋಡಿ, ೧೯೭೨ರಲ್ಲಿ ಕೃಷಿಕರ ಕೈಗೆ ಕೊಟ್ಟರು. ‘ಸುಮಂಗಳ’ವು ಇಂಡೊನೇಷ್ಯದಿಂದ, ‘ಶ್ರೀಮಂಗಳ’ವು ಸಿಂಗಾಪುರದಿಂದ ಬಂದವು. ಹೆಸರು ಮಾತ್ರ ಈ ಊರಿನವು.

ಲಾಲ್‌ಬಾಗನ್ನು ಈ ದೃಷ್ಟಿಯಿಂದ ನೋಡಬೇಕೆನ್ನುವವನು ಬೆಳಗ್ಗೆ ಬೇಗನೆ ಹೋಗತಕ್ಕದ್ದು. ಆಗಸ್ಟ್ ಮತ್ತು ಜನವರಿ ತಿಂಗಳುಗಳಲ್ಲಿ, ಸ್ವಾತಂತ್ರ್ಯ ದಿನಾಚರಣೆಗೂ ಗಣರಾಜ್ಯೋತ್ಸವಕ್ಕೂ ಹೊಂದಿಕೊಂಡಂತೆ ನಡೆಯುವ ಫಲಪುಷ್ಪ ಪ್ರದರ್ಶನಗಳು ಸೊಗಸಾದವುಗಳೇ. ಆದರೆ ಆ ದಿನಗಳ ಜನಸಂದಣಿಯಲ್ಲಿ ಒಂದು ಮರದ ಕೆಳಗೆ ನಿಂತು ತಲೆಯೆತ್ತಿ ನೋಡಲೂ ಎಡೆಯಿರದು. ಉಳಿದ ದಿನಗಳಲ್ಲಿ ಒಂದು ಚಿಕ್ಕ ಪುಸ್ತಕವನ್ನೂ ಪೆನ್ಸಿಲನ್ನೂ ಕೈಯಲ್ಲಿ ಹಿಡಿದು, ಮರಗಳಿಗೆ ಹಾಕಿರುವ ಫಲಕಗಳನ್ನು ಓದುತ್ತ ನಡೆಯುವುದು ಲೇಸು. ಫಲಕದಲ್ಲಿ ಸಸ್ಯದ ಶಾಸ್ತ್ರೀಯ ನಾಮವಿರುವುದು. ಈ ಹೆಸರನ್ನು ಬರೆದುಕೊಂಡರೆ ಊರಿಗೆ ಬಂದ ಮೇಲೆ ಯಾವ ಅಧಿಕಾರಿಯನ್ನು ಕೇಳಿದರೂ ಸರಿಯಾದ ಉತ್ತರ ದೊರೆಯುವುದು. ಕೆಂಪು ಹೂವಿನ ದೊಡ್ಡ ಮರವೆಂದು ಹೇಳಿದರೆ ಅಂಥವು ಹತ್ತಿರುವುವು.

ಸಸಿಮಾರಾಟದ ಸ್ಥಳದಲ್ಲಿ ಎಂದಿಗೂ ತಿಳಿಯದ ಒಂದು ಸಂಗತಿಯು ಇಲ್ಲಿ ಕಣ್ಣಿಗೆ ಬೀಳುವುದು. ಪ್ಲಾಸ್ಟಿಕ್ ಚೀಲದಲ್ಲಿರುವ ಎಲ್ಲ ಸಸಿಗಳೂ ಮೊಣಕಾಲೆತ್ತರವೇ. ಅದೇ ಸಸಿಯು ನೂರು ವರ್ಷಗಳ ತರುವಾಯ ಎಷ್ಟು ನೆಲವನ್ನು ಆಕ್ರಮಿಸುವುದೆಂಬುದನ್ನು ತೋರಿಸಲು ಹಳೆಯ ಉದ್ಯಾನವೇ ಬೇಕು. ಲಾಲ್‌ಬಾಗಿನ ಬಿಳಿ ಬೂರುಗದ ಮುದಿಮರದ ಬುಡದಲ್ಲಿ ಗೋಡೆಗಳಂತೆ ಎದ್ದಿರುವ ಬೇರುಗಳನ್ನು ಕಂಡವನು ಅದನ್ನು ಮನೆಯ ಪಂಚಾಂಗದ ಬಳಿಯಲ್ಲಾಗಲಿ ಬಾವಿಯ ಕಟ್ಟೆಯ ಹತ್ತಿರವಾಗಲಿ ನೆಡಲಾರನು. ಮಳೆಮರದ ಕೊಂಬೆಗಳು ಕಾಂಡದಿಂದ ಎಷ್ಟು ದೂರ ಚಾಚಿವೆಯೆಂಬುದನ್ನು ಹೆಜ್ಜೆಗಳಿಂದ ಅಳೆದು ನೋಡಿದರೆ, ಅಡಕೆ ತೋಟದ ಅಂಚಿನಲ್ಲಿ ಅದಕ್ಕೆ ಎಡೆಗೊಟ್ಟರೆ ಎಷ್ಟು ಸಾಲುಗಳು ನೆರಳಿಗೆ ಸಿಕ್ಕುವುವೆಂಬ ಲೆಕ್ಕ ಅಲ್ಲಿಯೇ ಆಗುವುದು. ಅಗಲಕ್ಕಾಗಿ ಹತ್ತು ನಿಮಿಷ ಕೊಟ್ಟವರಿಗೆ ಮುಂದೆ ಕೊಡಲಿಯ ಖರ್ಚು ಉಳಿಯುವುದು.

ಇನ್ನು ಎಚ್ಚರ ಬೇಕಾದ ಭಾಗ. ಉದ್ಯಾನದಲ್ಲಿ ಒಂದು ಸಸ್ಯ ಸೊಂಪಾಗಿರುವುದೆಂದರೆ ಅದು ಆ ನೆಲದಲ್ಲಿ, ಆ ಹವೆಯಲ್ಲಿ, ಆ ಆರೈಕೆಯಲ್ಲಿ ಸೊಂಪಾಗಿದೆಯೆಂದಷ್ಟೇ ಅರ್ಥ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೨೦ ಮೀಟರು, ಅಂದರೆ ೩,೦೦೦ ಅಡಿಗಳಷ್ಟು ಎತ್ತರದಲ್ಲಿದೆ. ಪುತ್ತೂರಿನ ಎತ್ತರ ೧೦೦ ಮೀಟರಿನ ಆಸುಪಾಸು. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೯೭೦ ಮಿಲಿಮೀಟರು. ಇಲ್ಲಿ ಸುಮಾರು ೩,೫೦೦ ಮಿಲಿಮೀಟರು. ಪ್ರಮಾಣಕ್ಕಿಂತಲೂ ಹಂಚಿಕೆಯ ವ್ಯತ್ಯಾಸ ಮುಖ್ಯವಾದುದು. ಬೆಂಗಳೂರಿನಲ್ಲಿ ಮೇ ತಿಂಗಳಿಂದ ಅಕ್ಟೋಬರಿನ ವರೆಗೆ ಮಳೆ ಬಿಟ್ಟು ಬಿಟ್ಟು ಸುರಿಯುವುದು. ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ ಅಧಿಕ. ಪುತ್ತೂರಿನಲ್ಲಿ ಜೂನಿನಿಂದ ಸೆಪ್ಟೆಂಬರಿನೊಳಗೆ ಬಹುಪಾಲು ಮುಗಿದು, ಡಿಸೆಂಬರಿನಿಂದ ಏಪ್ರಿಲಿನ ವರೆಗೆ ನೆಲವು ಒಣಗಿ ನಿಲ್ಲುವುದು. ಆದುದರಿಂದ ಅಲ್ಲಿಂದ ತಂದ ಗುಲಾಬಿಯೋ ಹಣ್ಣಿನ ಸಸಿಯೋ ಜುಲಾಯಿಯಲ್ಲಿ ಬೇರು ಕೊಳೆತು ಸಾಯದಿದ್ದರೆ ಮಾರ್ಚಿನಲ್ಲಿ ಬಾಯಾರಿ ಸಾಯುವ ಸಂಭವವುಂಟು. ನೆಲವೂ ಬೇರೆ. ಲಾಲ್‌ಬಾಗಿನ ಬಂಡೆಯು ಸುಮಾರು ೩೦೦ ಕೋಟಿ ವರ್ಷ ಹಳೆಯದಾದ ನೈಸ್ ಶಿಲೆ. ಕೆಂಪೇಗೌಡರ ಗೋಪುರ ಅದರ ಮೇಲಿದೆ. ಅಂಥ ಶಿಲೆ ಕರಗಿ ಆದ ಕೆಂಪು ಮಣ್ಣು ಅಲ್ಲಿಯದು. ಪುತ್ತೂರಿನ ಗುಡ್ಡೆಗಳಲ್ಲಿರುವುದು ಮುರಕಲ್ಲು. ವಿಪರೀತ ಮಳೆಗೆ ಸಾರವೆಲ್ಲ ತೊಳೆದುಹೋದ ಹುಳಿಮಣ್ಣು. ಬಂಡೆಯ ಮೇಲೆ ಹತ್ತಿ ಊರನ್ನು ನೋಡುವವರು ಕಾಲಕೆಳಗಿನದನ್ನೂ ಒಮ್ಮೆ ನೋಡಬೇಕು.

ಬದುಕುವುದೇ ಬೇರೆ, ಫಲ ಕೊಡುವುದೇ ಬೇರೆ, ಕೊಟ್ಟ ಫಲಕ್ಕೆ ಬೆಲೆ ಸಿಗುವುದೇ ಬೇರೆ. ವೆನಿಲ್ಲಾ ಬಳ್ಳಿಯ ವಿಷಯದಲ್ಲಿ ಈ ಸೀಮೆಯವರು ಇದನ್ನು ಬಲ್ಲರು. ೨೦೦೦ದಲ್ಲಿ ಮಡಗಾಸ್ಕರ್ ದ್ವೀಪದ ತೋಟಗಳು ಚಂಡಮಾರುತಕ್ಕೆ ಸಿಕ್ಕಿದುದರಿಂದ ಬೆಲೆಯೇರಿ, ೨೦೦೩ರ ಸುಮಾರಿಗೆ ಹಸಿ ಕೋಡುಗಳಿಗೇ ಕಿಲೋಗ್ರಾಮಿಗೆ ಸಾವಿರಗಟ್ಟಲೆ ರೂಪಾಯಿ ಬಂದಿತು. ಬಳ್ಳಿಯ ತುಂಡುಗಳು ಅಡಕೆ ಮರದ ಬುಡಬುಡಕ್ಕೂ ಬಂದವು. ಮನೆಮಂದಿಯೆಲ್ಲ ಬೆಳಗ್ಗೆ ಎದ್ದು ಒಂದೊಂದೇ ಹೂವಿಗೆ ಕೈಯಿಂದ ಪರಾಗಸ್ಪರ್ಶ ಮಾಡುತ್ತಿದ್ದರು. ಮಡಗಾಸ್ಕರಿನ ತೋಟಗಳು ಚೇತರಿಸಿಕೊಂಡ ಕೂಡಲೆ ಬೆಲೆ ಬಿದ್ದುಹೋಯಿತು. ಬಳ್ಳಿಯು ಬೆಳೆಯಲಿಲ್ಲವೆಂದು ಯಾರೂ ಹೇಳಲಾರರು. ಅದು ಚೆನ್ನಾಗಿಯೇ ಬೆಳೆದಿತ್ತು.

ಇದಕ್ಕಿಂತ ದೊಡ್ಡ ಅಪಾಯವು ಸಸಿಯ ಎಲೆಯಡಿಯಲ್ಲಿ ಅಡಗಿ ಬರುವುದು. ಪಪ್ಪಾಯಿಯ ಹಿಟ್ಟುತಿಗಣೆಯು ಈ ದೇಶದಲ್ಲಿ ಮೊದಲು ಕಾಣಿಸಿದುದು ೨೦೦೮ರಲ್ಲಿ, ಕೊಯಮತ್ತೂರಿನಲ್ಲಿ. ಎರಡು ವರ್ಷಗಳೊಳಗೆ ಅದು ಪಪ್ಪಾಯಿಯನ್ನಲ್ಲದೆ ಹಿಪ್ಪುನೇರಳೆಯನ್ನೂ ಮರಗೆಣಸನ್ನೂ ಕೆಡಿಸಿತು. ೨೦೧೦ರಲ್ಲಿ ಪೋರ್ಟೊರಿಕೊ ದ್ವೀಪದಿಂದ ಅದರ ಶತ್ರುವಾದ ಒಂದು ಸಣ್ಣ ಕಣಜವನ್ನು ತರಿಸಿ, ಬೆಂಗಳೂರಿನ ಕೀಟ ಸಂಶೋಧನಾ ಸಂಸ್ಥೆಯವರು ಬೆಳೆಸಿ ಹಂಚಿದ ಮೇಲೆಯೇ ಹಾವಳಿ ಇಳಿಯಿತು. ತೆಂಗಿನ ಗರಿಗಳ ಅಡಿಯಲ್ಲಿ ಬಿಳಿಯ ಸುರುಳಿಗಳನ್ನು ಬರೆದಂತೆ ಮೊಟ್ಟೆಯಿಡುವ, ಕೆಳಗಿನ ಗರಿಗಳಿಗೆ ಕಪ್ಪುಮಸಿ ಹಿಡಿಸುವ ಬಿಳಿನೊಣವು ಮಧ್ಯ ಅಮೆರಿಕದ ಮೂಲದ್ದು. ೨೦೧೬ರಲ್ಲಿ ತಮಿಳುನಾಡಿನ ಪೊಳ್ಳಾಚಿಯ ಕಡೆ ಮೊದಲು ಕಂಡು, ಕರಾವಳಿಗೂ ಹಬ್ಬಿತು. ಇದು ಬಾಳೆ, ಪೇರಳೆ, ಅಲಂಕಾರದ ತಾಳೆಗಿಡಗಳ ಮೇಲೂ ಬದುಕುವುದರಿಂದ, ಚೆಲುವೆಂದು ಕೊಂಡು ತಂದ ಕುಂಡದ ಗಿಡವೊಂದು ತೋಟಕ್ಕೆಲ್ಲ ರೋಗವಾಹಿಯಾಗಬಹುದು. ಗಿಡಗಳೇ ಶತ್ರುವಾಗುವುದೂ ಉಂಟು. ಗುಡ್ಡೆಗಳಲ್ಲಿ ಕಾಲಿಡಗೊಡದ ಲಂಟಾನವನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಹೂವಿನ ಅಂದಕ್ಕಾಗಿ ತಂದಿದ್ದರು.

ಆದ್ದರಿಂದ ಬೆಂಗಳೂರಿನಿಂದ ಹೆಸರನ್ನು ತರುವುದು ಕ್ಷೇಮ, ಸಸಿಯನ್ನು ತರುವುದು ಹಾಗಲ್ಲ. ತಂದೇ ತೀರಬೇಕಾದಲ್ಲಿ ಎಲೆಗಳ ಅಡಿಭಾಗವನ್ನೂ ಚಿಗುರುಗಳ ಸಂದುಗಳನ್ನೂ ಕೊಳ್ಳುವಾಗಲೇ ನೋಡಿ, ಊರಿಗೆ ಬಂದ ಮೇಲೆ ಕನಿಷ್ಠ ಒಂದು ತಿಂಗಳ ಕಾಲ ತೋಟದಿಂದ ದೂರವಾಗಿ, ಅಂಗಳದ ಮೂಲೆಯಲ್ಲಿ ಇರಿಸಿ ಪರೀಕ್ಷಿಸತಕ್ಕದ್ದು.

ಕಬ್ಬನ್ ಉದ್ಯಾನದ ವಿಷಯವನ್ನು ಹೆಚ್ಚಾಗಿ ಹೇಳಬೇಕಾದುದಿಲ್ಲ. ೧೮೭೦ರಲ್ಲಿ ರಿಚರ್ಡ್ ಸ್ಯಾಂಕಿಯವರು ನಿರ್ಮಿಸಿದ, ೧೯೨೭ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ಹೆಸರಾದ ಆ ಸ್ಥಳವು ನೆರಳಿಗೂ ನಡಿಗೆಗೂ ಉತ್ತಮವಾದುದು. ಕ್ರುಂಬಿಗಲ್ಲರು ನಗರದ ಬೀದಿಗಳಿಗೆ ಮರಗಳನ್ನು ಆರಿಸಿದಾಗ, ಒಂದು ಜಾತಿ ಹೂವುದುರಿಸುವಷ್ಟರಲ್ಲಿ ಮತ್ತೊಂದು ಅರಳುವಂತೆ ಯೋಚಿಸಿದ್ದರು. ಫೆಬ್ರವರಿಯಿಂದ ಮೇ ತಿಂಗಳ ವರೆಗೆ ಹೋದವರಿಗೆ ಇದರ ಫಲ ಕಾಣುವುದು. ಜೇನು ಸಾಕುವವರು ಈ ಯುಕ್ತಿಯನ್ನು ಗಮನಿಸಿ, ಮನೆಯ ಬೇಲಿಗೂ ಅನ್ವಯಿಸಿಕೊಳ್ಳಬಹುದು.

೧೯೫೬ರ ನವೆಂಬರ್ ೧ರ ವರೆಗೆ ಪುತ್ತೂರು ಮದರಾಸು ರಾಜ್ಯಕ್ಕೆ ಸೇರಿತ್ತು; ಲಾಲ್‌ಬಾಗ್ ನೆರೆಯ ರಾಜ್ಯದ ತೋಟ. ಅದೇ ೧೯೫೬ರಲ್ಲಿ ವಿಟ್ಲದಲ್ಲಿ ಅಡಕೆಯ ಸಂಶೋಧನಾ ಕೇಂದ್ರವು ಸ್ಥಾಪಿತವಾಯಿತು. ಈಗ ಬೆಂಗಳೂರಿನಲ್ಲಿ ಬರೆದುಕೊಂಡ ಹೆಸರುಗಳನ್ನು ಒರೆಗೆ ಹಚ್ಚಲು ದೂರ ಹೋಗಬೇಕಾಗಿಲ್ಲ. ಕಡಬ ತಾಲೂಕಿನ ನೆಟ್ಟಣದ ಹತ್ತಿರ ಕಿದು ಎಂಬಲ್ಲಿ ದಕ್ಷಿಣ ಏಷ್ಯಕ್ಕೆಲ್ಲ ಸಂಬಂಧಪಟ್ಟ ತೆಂಗಿನ ಅಂತರರಾಷ್ಟ್ರೀಯ ತಳಿಸಂಗ್ರಹವಿದೆ. ಹಿಂದೂ ಮಹಾಸಾಗರದ ದ್ವೀಪಗಳ ತೆಂಗುಗಳು ಅಲ್ಲಿ ಈ ಸೀಮೆಯ ಮಳೆಯನ್ನೇ ಉಣ್ಣುತ್ತ ನಿಂತಿವೆ. ದರ್ಬೆಯ ಅಂಚೆಗೆ ಸೇರಿದ ಗೇರು ಸಂಶೋಧನಾ ನಿರ್ದೇಶನಾಲಯವು ೧೯೮೬ರಲ್ಲಿ ಆರಂಭವಾದುದು. ಅದರ ಕ್ಷೇತ್ರಗಳಲ್ಲಿ ೫೦೦ಕ್ಕೂ ಮೇಲ್ಪಟ್ಟು ಗೇರಿನ ಮಾದರಿಗಳಿವೆ. ಬ್ರೆಜಿಲಿನ ಒಂದು ಮರ ನಾಲ್ಕು ಶತಮಾನಗಳಲ್ಲಿ ಎಷ್ಟು ಬಗೆಯಾಗಿ ಒಡೆದಿದೆಯೆಂಬುದನ್ನು ಅಲ್ಲಿ ಸಾಲುಸಾಲಾಗಿ ಕಾಣಬಹುದು. ಒಂದರ ಬೀಜ ಹೆಬ್ಬೆರಳಿನಷ್ಟು, ಇನ್ನೊಂದರದು ಕಿರುಬೆರಳಿನ ತುದಿಯಷ್ಟು. ಈ ಸ್ಥಳಗಳಿಗೆ ಗಾಜಿನ ಮನೆಯೂ ಇಲ್ಲ, ಪ್ರವಾಸಿಗರ ನೂಕುನುಗ್ಗಲೂ ಇಲ್ಲ. ಬಾಗಿಲಲ್ಲಿ ವಿಚಾರಿಸಿ, ಮುಂಚಿತವಾಗಿ ತಿಳಿಸಿ ಹೋದರೆ ನೋಡಲು ಅನುಕೂಲ.

ಗೇರಿನ ಕಸಿಗಿಡಗಳನ್ನು ಇಂಥ ಕೇಂದ್ರಗಳಿಂದ ಪಡೆಯುವವರು ಮಳೆ ಹಿಡಿಯುವುದಕ್ಕೆ ಮುಂಚೆಯೇ ಗುಂಡಿಗಳನ್ನು ಸಿದ್ಧಗೊಳಿಸಿ, ಜೂನ್ ತಿಂಗಳಲ್ಲಿ ನೆಡುವುದು ಯುಕ್ತ. ನೆಡುವಾಗ ಕಸಿಯ ಗಂಟು ಮಣ್ಣಿನೊಳಗೆ ಹೋಗದೆ ಒಂದಂಗುಲದಷ್ಟು ಮೇಲೆ ನಿಲ್ಲಬೇಕು. ಗಂಟಿಗೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿಯನ್ನು ಜಾಗರೂಕತೆಯಿಂದ ಬಿಡಿಸಬೇಕು. ಗಂಟಿನ ಕೆಳಗಿನ ಬೇರುಗಿಡದಿಂದ ಹೊರಟ ಚಿಗುರುಗಳನ್ನು ಕಂಡಕಂಡಾಗ ಚಿವುಟಬೇಕು.