ಮಕ್ಕಾದ ಬಿಸಿಲು, ಮನುಷ್ಯರ ಕೈಗಳು
2024ರ ಹಜ್ಜ್ ನಮ್ಮಲ್ಲಿ ಅನೇಕರಿಗೆ ನೆನಪಿದೆ. ಹಿಜರಿ 1445ರ ದುಲ್‌ಹಜ್ಜ್ ಆ ವರ್ಷ ಜೂನ್ ತಿಂಗಳಲ್ಲಿ ಬಂದಿತ್ತು. ಮಸ್ಜಿದುಲ್ ಹರಾಮ್‌ನಲ್ಲಿ ಉಷ್ಣಾಂಶ 51.8 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. 1,301 ಮಂದಿ ಮೃತಪಟ್ಟರೆಂದು ಸೌದಿ ಸರಕಾರ ಪ್ರಕಟಿಸಿತು. ಹೆಚ್ಚಿನವರು ಅನುಮತಿ ಪತ್ರವಿಲ್ಲದೆ ಹೋದವರು. ತಂಪು ಡೇರೆಯೂ ಬಸ್ಸೂ ಇಲ್ಲದೆ ಬಿಸಿಲಲ್ಲಿ ಬಹುದೂರ ನಡೆದವರು.

ಆಗ ನಾವು ಮಿಂಬರ್‌ನಿಂದ ಅವರಿಗಾಗಿ ದುಆ ಮಾಡಿದೆವು. ಇಹ್ರಾಮ್‌ನಲ್ಲಿ ಮರಣ ಬರುವುದು ಭಾಗ್ಯ ಎಂದೆವು, ಎಲ್ಲವೂ ತಕ್ದೀರ್ ಎಂದೆವು. ಎರಡೂ ನಿಜ. ಆದರೆ ಮಾತನ್ನು ಅಲ್ಲಿಗೇ ನಿಲ್ಲಿಸಿದ್ದು ಸರಿಯಾಗಲಿಲ್ಲ. ಸೂರಃ ಅರ್ರೂಮ್‌ನ 41ನೇ ಆಯತ್ ನೆಲದಲ್ಲೂ ಕಡಲಲ್ಲೂ ಹರಡುವ ಕೆಡುಕಿಗೆ ಮನುಷ್ಯರ ಕೈಗಳನ್ನೇ ಹೊಣೆ ಮಾಡುತ್ತದೆ. ಈ ಬಿಸಿಲಿನಲ್ಲಿ ಆ ಕೈಗಳ ಪಾಲೇನು ಎಂದು ನಾವು ಕೇಳಲಿಲ್ಲ.

ಮಕ್ಕಾದ ಬಿಸಿಲು ಹೊಸತಲ್ಲ, ಅದು ಏರುತ್ತಿರುವುದು ಹೊಸತು. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್, ಗ್ಯಾಸ್ ಉರಿದಾಗ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ನೆಲದಿಂದ ಮೇಲೇಳುವ ಶಾಖವನ್ನು ಅದು ಕಂಬಳಿಯಂತೆ ತಡೆಹಿಡಿಯುತ್ತದೆ. ಕೈಗಾರಿಕಾ ಯುಗಕ್ಕೆ ಮೊದಲು ಹತ್ತು ಲಕ್ಷ ಭಾಗ ಗಾಳಿಯಲ್ಲಿ ಈ ಅನಿಲ ಸುಮಾರು 280 ಭಾಗವಿತ್ತು. ಈಗ 420 ದಾಟಿದೆ. 2024ರಲ್ಲಿ ಭೂಮಿಯ ಸರಾಸರಿ ಉಷ್ಣಾಂಶ ಆ ಹಳೆಯ ಮಟ್ಟಕ್ಕಿಂತ ಸುಮಾರು ಒಂದೂವರೆ ಡಿಗ್ರಿ ಹೆಚ್ಚಿತ್ತು. 'ಒಂದೂವರೆ ಡಿಗ್ರಿ ಏನು ಮಹಾ' ಎನ್ನುವವರಿದ್ದಾರೆ. ಸರಾಸರಿಯಲ್ಲಿ ಕಡಲೂ ಸೇರಿದೆ. ನೆಲ ಕಡಲಿಗಿಂತ ಬೇಗ ಕಾಯುತ್ತದೆ, ಅರಬ್ ನಾಡುಗಳಂತೂ ಇನ್ನೂ ಬೇಗ. ಬಿಸಿಯಾದ ಗಾಳಿ ಹೆಚ್ಚು ನೀರಾವಿಯನ್ನು ಹಿಡಿದು ಒಮ್ಮೆಲೇ ಸುರಿಸುವುದರಿಂದ ಮಳೆಯ ಲೆಕ್ಕವೂ ತಪ್ಪುತ್ತಿದೆ.

ಗಾಳಿ ನಮ್ಮ ಮೈಗಿಂತ ಬಿಸಿಯಾದಾಗ ಮೈ ತಂಪಾಗಲು ಬೆವರೊಂದೇ ದಾರಿ. ಒಣಹವೆಯಲ್ಲಿ ಬೆವರು ಕೂಡಲೇ ಆರಿಹೋಗುತ್ತದೆ. ನೀರು ಕಳೆದುಕೊಂಡದ್ದು ಹಾಜಿಗೆ ತಿಳಿಯುವುದಿಲ್ಲ. ವೃದ್ಧರು, ಸಕ್ಕರೆ ಕಾಯಿಲೆಯವರು, ಹೃದ್ರೋಗಿಗಳು ಮೊದಲು ಕುಸಿಯುತ್ತಾರೆ. ಇಹ್ರಾಮ್‌ನಲ್ಲಿ ಛತ್ರಿ ಹಿಡಿಯಬಾರದೆಂದು ಕೆಲವರು ಸುಡುಬಿಸಿಲಲ್ಲೇ ನಿಲ್ಲುತ್ತಾರೆ. ಗಂಡಸರು ತಲೆಗೆ ಟೋಪಿ, ರುಮಾಲು ಹಾಕಬಾರದು, ನಿಜ. ಛತ್ರಿಗೆ ಅಡ್ಡಿಯಿಲ್ಲ. ಪ್ರವಾದಿವರ್ಯರಿಗೆ(ಸ) ಹಜ್ಜ್‌ನಲ್ಲಿ ಸಹಾಬಿಯೊಬ್ಬರು ಬಟ್ಟೆ ಎತ್ತಿ ಹಿಡಿದು ನೆರಳು ಮಾಡಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ.

ಇದುವರೆಗೆ ಈ ಅನಿಲವನ್ನು ಅತಿ ಹೆಚ್ಚು ಉಗುಳಿದ್ದು ಅಮೆರಿಕ. ಇಂದು ಚೀನಾ ಮುಂದಿದೆ, ಭಾರತ ಮೂರನೆಯದು. ತಲಾ ಲೆಕ್ಕದಲ್ಲಿ ನಾವು ಜಗತ್ತಿನ ಸರಾಸರಿಗಿಂತ ಕಡಿಮೆ. ಹಾಗೆಂದು ಕೈ ತೊಳೆದುಕೊಳ್ಳಲಾಗದು. ಕೈ ತೊಳೆಯುವ ನೀರನ್ನು ಟ್ಯಾಂಕಿಗೆ ಏರಿಸುವ ಪಂಪಿಗೂ ಕರೆಂಟ್ ಬೇಕು. ನಮ್ಮ ಕರೆಂಟಿನ ಒಂದು ಪಾಲು ರಾಯಚೂರಿನ ಸ್ಥಾವರದಲ್ಲಿ ಕಲ್ಲಿದ್ದಲು ಸುಟ್ಟು ಬರುತ್ತದೆ. ಪ್ರವಾದಿವರ್ಯರು(ಸ) ಒಂದು ಮುದ್ದ್, ಅಂದರೆ ಸುಮಾರು ಮುಕ್ಕಾಲು ಲೀಟರ್ ನೀರಿನಲ್ಲಿ ವುಝೂ ಮಾಡುತ್ತಿದ್ದರು. ನಮ್ಮ ನಲ್ಲಿಯ ಕೆಳಗೆ ಒಂದು ಬಕೆಟ್ ಇಟ್ಟು ನೋಡಿದರೆ ನಮ್ಮ ಲೆಕ್ಕ ಗೊತ್ತಾಗುತ್ತದೆ.

ಚಾಂದ್ರ ವರ್ಷ ಸುಮಾರು 11 ದಿನ ಚಿಕ್ಕದಾದ್ದರಿಂದ ಹಜ್ಜ್ ಈಗ ಚಳಿಗಾಲದ ಕಡೆಗೆ ಸರಿಯುತ್ತಿದೆ. ಅದು ಪುನಃ ಜೂನ್ ನಡುವಿಗೆ ಬರುವುದು 2057ರ ಹೊತ್ತಿಗೆ. ಇಂದು ನಮ್ಮ ಮದ್ರಸದಲ್ಲಿ ಅಲಿಫ್ ಬಾ ಕಲಿಯುವ ಮಗುವಿಗೆ ಆಗ ನಲವತ್ತರ ಹತ್ತಿರ, ಅರಫಾದಲ್ಲಿ ನಿಲ್ಲುವ ವಯಸ್ಸು. ನಾವು ಇಂದು ಸುಟ್ಟದ್ದರ ದೊಡ್ಡ ಪಾಲು ಆಗಲೂ ಗಾಳಿಯಲ್ಲೇ ಇರುತ್ತದೆ. ಮಸೀದಿಯ ಮಾಳಿಗೆಗೆ ಸೌರಫಲಕ ಹಾಕುವ ವಿಚಾರವನ್ನು ಕಮಿಟಿಯ ಮುಂದೆ ಇಟ್ಟಿದ್ದೇವೆ.